ಸುಳ್ಳು ಹೊಟ್ಟೆ

ನನ್ನ ಹೊಟ್ಟೆಯ ಬಗ್ಗೆ ಊರಿನವರಿಗೆಲ್ಲ ಒಂದೊಂದು ಅಭಿಪ್ರಾಯವಿದೆ. ಕುಪ್ಪಸ ಹೊಲಿಸಲು ಬಂದವರು ಅಳತೆ ಕೊಡುತ್ತ ನಿಂತು, "ಮಾನಂದಕ್ಕಾ, ಮುಂಜಾನೆ ಎದ್ದು ಬಿಸಿನೀರಿಗೆ ನಿಂಬಿಹಣ್ಣು ಹಿಂಡ್ಕೊಂಡು ಕುಡೀರಿ" ಅನ್ನುತ್ತಾರೆ. ಅವರ ಸೊಂಟಕ್ಕೆ ಟೇಪು ಸುತ್ತುವವಳು ನಾನು, ಬುದ್ಧಿ ಹೇಳುವವರು ಅವರು. ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಕೊಂಡೇ ಇಷ್ಟು ವರ್ಷ ಬಾಳಿದೆ. ನೂರಾ ಇಪ್ಪತ್ತೊಂದು ಕಿಲೋ ಇದ್ದರೂ ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿಪಿ ಇರಲಿಲ್ಲ, ಮೊಣಕಾಲು ನೋವು ಬಿಟ್ಟರೆ ಮತ್ತೊಂದು ದೂರು ಇರಲಿಲ್ಲ. ನನ್ನ ಮೈ ನನಗೆ ಭಾರವಾಗಿರಲೇ ಇಲ್ಲ. ಅದು ಭಾರವಾದದ್ದು ನನ್ನ ತಮ್ಮನಿಗೆ.

ತಮ್ಮನ ಹೆಸರು ಗದಿಗೆಪ್ಪ. ಹುಬ್ಬಳ್ಳಿಯಲ್ಲಿ ಅವನದೊಂದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಸುಟ್ಟ ಫ್ಯಾನು ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಮೂವತ್ತಾರಕ್ಕೆ ಅವನ ಎರಡೂ ಕಿಡ್ನಿ ಹೋದವು. "ಎರಡೂ ಕಾಯಿಲ್ ಸುಟ್ಟಾವ ಅಕ್ಕಾ, ಈಗ ಹೊರಗಿನ ಕರೆಂಟಿನ ಮ್ಯಾಲ ನಡದೈತಿ" ಎಂದು ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ನಗುತ್ತಿದ್ದ. ಮನೆಯವರೆಲ್ಲರ ರಕ್ತ ತೆಗೆದು ನೋಡಿದರು. ಹೊಂದಿಕೆಯಾದದ್ದು ನನ್ನದೊಂದೇ. ನಾನು ಅವತ್ತೇ ಕೊಡಲು ತಯಾರಿದ್ದೆ. ಆದರೆ ಕಸಿ ಮಾಡುವ ಡಾಕ್ಟರುಗಳು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ತಲೆ ಅಲ್ಲಾಡಿಸಿದರು. ಇಷ್ಟು ತೂಕದ ಮೈಗೆ ಒಂದೇ ಕಿಡ್ನಿ ಸಾಲುವುದಿಲ್ಲವಂತೆ. ತೊಂಬತ್ತರ ಕೆಳಗೆ ಇಳಿದು ಬನ್ನಿ ಎಂದರು.

ಡಯಾಲಿಸಿಸ್‌ಗೆ ರಕ್ತ ಹೊರಗೆ ಹೋಗಿ ಒಳಗೆ ಬರಲು ಮೈಯಲ್ಲಿ ಒಂದು ದಾರಿ ಬೇಕು. ಗದಿಗೆಪ್ಪನ ಎಡಗೈಯ ದಾರಿ ಕಟ್ಟಿಕೊಂಡಿತು, ಬಲಗೈಯದೂ ಕಟ್ಟಿಕೊಂಡಿತು, ಕುತ್ತಿಗೆಯಲ್ಲಿ ಹಾಕಿದ್ದು ಕೀವಾಯಿತು. ಈಗ ತೊಡೆಯಲ್ಲಿ ಒಂದು ನಳಿಗೆ ಹಾಕಿದ್ದರು. ಅದಾದ ಮೇಲೆ ಹಾಕಲು ಜಾಗವಿಲ್ಲ ಎಂದು ಅವನ ಹೆಂಡತಿ ಕಸ್ತೂರಿಯನ್ನು ಬದಿಗೆ ಕರೆದು ಹೇಳಿದ್ದರು. ನಾನು ಊಟ ಕಡಿಮೆ ಮಾಡಿದೆ, ನಡೆದೆ, ನಡೆದು ನಡೆದು ಚಪ್ಪಲಿ ಸವೆಸಿದೆ. ಇಳಿದ ನಾಲ್ಕು ಕಿಲೋದಲ್ಲಿ ಮೂರು ಕಿಲೋ ಯುಗಾದಿಯೊಳಗೆ ಮನೆಗೆ ವಾಪಸು ಬಂದವು. ಉಳಿದದ್ದು ಆಪರೇಷನ್ ಒಂದೇ.

ಹೊಟ್ಟೆ ಕಿರಿದು ಮಾಡುವ ಆಪರೇಷನ್ನಿನಲ್ಲಿ ಮೂರು ನಮೂನೆ ಇವೆ ಎಂದು ನನಗೆ ತಿಳಿದದ್ದು ಡಾಕ್ಟರ್ ನಾಡಿಗೇರರ ಮೇಜಿನ ಮುಂದೆ. ಅವರು ಚಿತ್ರ ತೋರಿಸುತ್ತ ಹೋದರು, ನಾನು ಅದನ್ನು ನನ್ನ ಹೊಲಿಗೆಯ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತ ಹೋದೆ. ಮೊದಲನೆಯದು ಬ್ಯಾಂಡ್. ಹೊಟ್ಟೆಯ ಬಾಯಿಗೆ ಒಂದು ಬಳೆ ಬಿಗಿಯುತ್ತಾರೆ, ಪರಕರದ ಲಾಡಿ ಎಳೆದು ಕಟ್ಟಿದ ಹಾಗೆ. ಬೇಡವಾದರೆ ಬಿಚ್ಚಬಹುದು. ಎರಡನೆಯದು ಸ್ಲೀವ್. ಹೊಟ್ಟೆಯ ಮುಕ್ಕಾಲು ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಕುಪ್ಪಸದ ತೋಳಿನಂತೆ ಸಪೂರವಾಗಿ ಹೊಲಿಯುತ್ತಾರೆ. ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಮೂರನೆಯದು ಬೈಪಾಸ್. ಹೊಟ್ಟೆಯ ತುದಿಯಲ್ಲಿ ನಿಂಬೆಹಣ್ಣಿನಷ್ಟು ಚೀಲ ಇಟ್ಟುಕೊಂಡು, ಕರುಳನ್ನು ನಡುವೆ ಕತ್ತರಿಸಿ ತಂದು ಅದಕ್ಕೇ ಜೋಡಿಸುತ್ತಾರೆ. ಉಂಡದ್ದು ದೊಡ್ಡ ಹೊಟ್ಟೆಯನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಅಡ್ಡದಾರಿಯಲ್ಲಿ ಹೋಗಿಬಿಡುತ್ತದೆ.

"ಇದರಾಗ ಜಲ್ದಿ ಇಳಿಸೋದು ಯಾವುದ್ರಿ?" ಎಂದು ಕೇಳಿದೆ.

"ಹೆಚ್ಚಾಗಿ ಬೈಪಾಸ್. ಅದಾದ ಮ್ಯಾಲೆ ಸ್ಲೀವ್. ಬ್ಯಾಂಡ್ ಭಾಳ ಸಾವಕಾಶ."

"ಹಂಗಾರ ಬೈಪಾಸ್ ಮಾಡ್ರಿ. ನಾಳೆನ ಮಾಡ್ರಿ."

ನಾಡಿಗೇರರು ಕನ್ನಡಕ ತೆಗೆದು ಒರೆಸಿಕೊಂಡರು. "ಮಹಾನಂದಾ ಅವರ, ಯಾವುದು ಯಾರ ಮೈಗೆ ಒಗ್ಗತದ ಅನ್ನೋದು ಚಿತ್ರ ನೋಡಿ ಹೇಳಲಿಕ್ಕೆ ಬರೂದಿಲ್ಲ. ಮೊದಲ ನೀವು ಮೂರನ್ನೂ ಹಾಕ್ಕೊಂಡು ನೋಡಬೇಕು. ಹಾಕ್ಕೊಳ್ಳದವರಿಗೆ ನಾ ಕತ್ತರಿ ಹಚ್ಚೂಹಂಗಿಲ್ಲ, ಅದು ಕಾಯಿದೆ."

ಕಾಯಿದೆ ಬಂದದ್ದು ಯಾಕೆಂದರೆ, ಮೊದಲು ಜನ ಅಕ್ಕಪಕ್ಕದವರ ಮಾತು ಕೇಳಿ ಯಾವುದೋ ಒಂದನ್ನು ಮಾಡಿಸಿಕೊಂಡು, ಆಮೇಲೆ ಜನ್ಮವಿಡೀ ಕೈಕೈ ಹಿಸುಕಿಕೊಳ್ಳುತ್ತಿದ್ದರು. ಅದಕ್ಕಾಗಿ ಸೊಂಟಕ್ಕೆ ಕಟ್ಟುವ ಒಂದು ಪಟ್ಟಿ ತಯಾರಾಯಿತು. ಕಾಗದಪತ್ರದಲ್ಲಿ ಅದಕ್ಕೆ ಪೂರ್ವಾನುಭವ ಪಟ್ಟಿ ಎಂದು ಹೆಸರು. ಆಸ್ಪತ್ರೆಯ ವರಾಂಡದಲ್ಲಿ ಕೂತ ಜನ ಅದನ್ನು ಸುಳ್ಳು ಹೊಟ್ಟೆ ಎನ್ನುತ್ತಾರೆ. ಒಂದು ಗುಳಿಗೆ ನುಂಗಿಸುತ್ತಾರೆ. ಅದು ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ಕೂತು, ಒಳಗೆ ಏನು ಬಂತು, ಎಷ್ಟು ಬಂತು ಎಂದು ಸೊಂಟದ ಪಟ್ಟಿಗೆ ಹೇಳುತ್ತದೆ. ಹೊಟ್ಟೆಯಿಂದ ಮಿದುಳಿಗೆ ಹೋಗುವ ನರ ಕುತ್ತಿಗೆಯಲ್ಲಿ ಹಾಯುತ್ತದಲ್ಲ, ಅಲ್ಲಿಗೆ ಕೂದಲೆಳೆಯಂಥ ತಂತಿ ಇಳಿಸಿರುತ್ತಾರೆ. ಕತ್ತರಿಸಿದ ಹೊಟ್ಟೆ ಏನು ಸುದ್ದಿ ಕಳಿಸುತ್ತಿತ್ತೋ ಅದೇ ಸುದ್ದಿಯನ್ನು ಪಟ್ಟಿ ಆ ತಂತಿಯಲ್ಲಿ ಕಳಿಸುತ್ತದೆ. ತೋಳಿಗೆ ಅಂಟಿಸಿದ ಔಷಧದ ತೇಪೆ ಆ ಹೊಟ್ಟೆಗೆ ತಕ್ಕ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಕತ್ತರಿ ಹಚ್ಚದೆಯೇ ಮೈ ತನ್ನನ್ನು ಕತ್ತರಿಸಿದ್ದಾರೆ ಎಂದು ನಂಬುತ್ತದೆ. ಒಂದೊಂದು ನಮೂನೆಗೆ ಮೂರು ವಾರ. ಕೊನೆಗೆ ಪಟ್ಟಿಯ ಯಂತ್ರ ಪ್ರತಿಯೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತದೆ.

"ಒಂಬತ್ತು ವಾರ ಹಾಳು ಮಾಡಿದ್ರ ನನ್ನ ತಮ್ಮನ ತೊಡಿ ಕಾಯತೈತೇನ್ರಿ?" ಎಂದು ಜಗಳಕ್ಕೇ ನಿಂತೆ. ಅತ್ತುಬಿಟ್ಟೆ. ಅವರ ಕಾಲು ಹಿಡಿಯಲು ಬಗ್ಗಿದೆ, ನನ್ನ ಮೈಯಲ್ಲಿ ಅದೂ ಸುಲಭವಲ್ಲ. ಅವರು ನನ್ನ ಭುಜ ಹಿಡಿದು ಎಬ್ಬಿಸಿ ಕೂರಿಸಿದರು, ಆದರೆ ಒಪ್ಪಲಿಲ್ಲ.

ಪಟ್ಟಿ ಕಟ್ಟಿದವಳು ಸಮೀನಾ, ಗಣೇಶಪೇಟೆಯ ಹುಡುಗಿ. ಅವಳ ಕೋಣೆಯ ಗೋಡೆ ತುಂಬ ಪರದೆಗಳು, ಅವುಗಳಲ್ಲಿ ಹಸಿರು ಗೆರೆಗಳು ಏರಿಳಿಯುತ್ತಿದ್ದವು. "ಇವೆಲ್ಲಾ ಊರಾಗ ಓಡಾಡೋ ಹೊಟ್ಟಿ ಅಕ್ಕಾರ. ಇದು ನೋಡ್ರಿ, ಈಗ ಯಾರೋ ಮಿರ್ಚಿ ತಿಂದ್ರು. ಇದು ನಿಮ್ದು" ಎಂದು ಒಂದು ಖಾಲಿ ಪರದೆ ತೋರಿಸಿದಳು. "ನೀವು ದಿನಾ ಹೆಂಗ ಉಣ್ತೀರೋ ಹಂಗ ಉಣ್ರಿ. ಯಂತ್ರಕ್ಕ ಚಂದ ಕಾಣಬೇಕಂತ ಏನೂ ಬದಲಿ ಮಾಡಬ್ಯಾಡ್ರಿ." ಆಯಿತೆಂದು ತಲೆಯಾಡಿಸಿದೆ.

ಬ್ಯಾಂಡಿನ ಮೂರು ವಾರ ನರಕ. ರೊಟ್ಟಿಯ ಎರಡನೆಯ ತುತ್ತಿಗೇ ಎದೆಯ ನಡುವೆ ಅಡ್ಡ ನಿಂತಂತಾಗುತ್ತಿತ್ತು, ಹಸಿವೆ ಮಾತ್ರ ಹಾಗೇ ಬೊಬ್ಬೆ ಹೊಡೆಯುತ್ತಿತ್ತು. ಹೊಲಿಗೆ ಯಂತ್ರ ತುಳಿಯುತ್ತ ತುಳಿಯುತ್ತ ಗಿರಾಕಿಗಳ ಮೇಲೆ ರೇಗಿದೆ. ನನ್ನ ಗಂಡ ಫಕೀರಪ್ಪ ಜವಳಿ ಅಂಗಡಿಯಿಂದ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಯಂತ್ರ ಅದಕ್ಕೆ ಇಪ್ಪತ್ತೆರಡು ಅಂಕ ಕೊಟ್ಟಿತು. ನನ್ನನ್ನು ಕೇಳಿದ್ದರೆ ಅಷ್ಟೂ ಕೊಡುತ್ತಿರಲಿಲ್ಲ.

ಸ್ಲೀವ್ ಬೇರೆಯೇ. ಹಸಿವೆಯೇ ಇಲ್ಲ. ಒಂದು ಬಟ್ಟಲು ಸಾರನ್ನ ಉಂಡರೆ ಮದುವೆಯೂಟ ಉಂಡು ಎದ್ದಂತಾಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯವರೆಲ್ಲ ಎಳ್ಳು ಹಚ್ಚಿದ ರೊಟ್ಟಿ, ಬದನೆಕಾಯಿ ಪಲ್ಯ, ಕಾಳು ಪಲ್ಯ ಬೀರಿ ಹೋದರು. ಅಡುಗೆಮನೆಯಲ್ಲಿ ಅದರ ನಡುವೆ ಕೂತು, ತಿನ್ನಬೇಕೆಂದೇ ಅನಿಸದೆ ಅಳು ಬಂತು. ಹಸಿವೆ ಎನ್ನುವುದು ಮನೆಯ ಮಂದಿಯ ಹಾಗೆ, ಇದ್ದಾಗ ಕಾಟ, ಇಲ್ಲದಾಗ ಮನೆ ಬಿಕೋ ಎನ್ನುತ್ತದೆ. ಅದಕ್ಕೆ ಎಪ್ಪತ್ತೆರಡು ಅಂಕ ಬಂತು.

ಆ ವಾರ ಗದಿಗೆಪ್ಪನ ಪಕ್ಕದಲ್ಲಿ ಕೂತಿದ್ದೆ. ಅವನ ಮುಖಕ್ಕೆ ಬೂದಿ ಬಡಿದಂತಾಗಿತ್ತು, ತುಟಿ ಒಣಗಿತ್ತು. ದಿನಕ್ಕೆ ಎರಡು ಲೋಟ ನೀರಿನ ಮೇಲೆ ಒಂದು ಗುಟುಕೂ ಕುಡಿಯುವಂತಿಲ್ಲ. "ನಿನ್ನ ಹೊಟ್ಟಿ ಏನಂತೈತಿ?" ಎಂದು ಕೇಳಿದ. "ಇನ್ನೊಂದು ನೋಡೋದೈತಿ, ಅದ ಜಲ್ದಿ ಇಳಸ್ತೈತಂತ" ಎಂದೆ. "ಇಳಸಲಿ" ಎಂದು ಕಣ್ಣು ಮುಚ್ಚಿದ. ನಗಲಿಲ್ಲ. ಅವನ ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿದೆ. 

ಬೈಪಾಸಿನ ಮೂರು ವಾರ ಹೂವಿನಂತೆ ಕಳೆದವು. ಸ್ವಲ್ಪ ಉಣ್ಣುತ್ತಿದ್ದೆ, ತೃಪ್ತಿಯಾಗುತ್ತಿತ್ತು, ಹಸಿವೆಯೂ ಹದವಾಗಿ ಬಂದು ಹೋಗುತ್ತಿತ್ತು. ಯಂತ್ರ ತೊಂಬತ್ತೊಂದು ಅಂಕ ಕೊಟ್ಟಿತು. ಶಾಲೆಯಲ್ಲಿ ನನಗೆ ಯಾವತ್ತೂ ಅಷ್ಟು ಬಂದಿರಲಿಲ್ಲ. ಐದು ತಿಂಗಳಲ್ಲಿ ತೊಂಬತ್ತರ ಕೆಳಗೆ ಎಂದು ನಾಡಿಗೇರರು ಲೆಕ್ಕ ಹಾಕಿದರು, ನಾಗರ ಪಂಚಮಿ ಮುಗಿದ ಮೇಲಿನ ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದರು. ನಾನು ಎದ್ದು ಹೊರಡುವಾಗ ಸಮೀನಾ ತಡೆದಳು.

"ಸರ್, ಒಂದು ಮಾತು. ಮೂರೂ ಸಲದಾಗ ಇವರ ಹೊಟ್ಟಿಗೆ ಒಂದ ಹರಳು ಸಕ್ಕರಿ ಬಂದಿಲ್ಲರಿ. ಬೆಲ್ಲ ಇಲ್ಲ, ಚಹಾ ಸೈತ ಬರೀದ. ಬೈಪಾಸಿನಾಗ ತ್ರಾಸ ಕೊಡೂದ ಸಿಹಿ. ಯಂತ್ರ ಅದನ್ನ ನೋಡದನ ಅಂಕ ಕೊಟ್ಟೈತ್ರಿ."

ನಾಡಿಗೇರರು ನನ್ನ ಕಡೆ ತಿರುಗಿದರು. ಅಡ್ಡದಾರಿಯಲ್ಲಿ ಸಿಹಿ ನೇರ ಕರುಳಿಗೆ ಬಿದ್ದರೆ ಕೆಲವರ ಮೈ ಕುಸಿಯುತ್ತದೆ, ವಾಂತಿ ಭೇದಿಯಾಗಿ ಮೈಯ ನೀರೆಲ್ಲ ಹೋಗುತ್ತದೆ, ಮತ್ತೆ ಮತ್ತೆ ಹಾಗಾದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಎಂದು ಬಿಡಿಸಿ ಹೇಳಿದರು. "ಪೆಟ್ಟು ಬಿದ್ದ ಕಿಡ್ನಿ ನಿಮ್ಮ ತಮ್ಮಗ ಕೊಡಲಿಕ್ಕೆ ಬರೂದಿಲ್ಲ. ನೀವು ಸಿಹಿ ತಿನ್ನೋದ ಇಲ್ಲೇನು?"

"ಇಲ್ರಿ."

"ಮೊದಲಿಂದನೂ?"

"ಮೊದಲಿಂದನೂ ನನಗ ಸೇರೂದಿಲ್ರಿ" ಎಂದೆ.

ಇಂಥ ಸುಳ್ಳನ್ನು ನನ್ನ ನಾಲಿಗೆ ಹೇಗೆ ಆಡಿತೋ. ಹೋಳಿಗೆ ಇದ್ದ ಕಡೆ ಇವಳನ್ನು ಕರೆಯಬೇಡಿ, ಒಂದೂ ಉಳಿಸುವುದಿಲ್ಲ ಎಂದು ನಮ್ಮವ್ವನೇ ಚಾಷ್ಟಿ ಮಾಡುತ್ತಿದ್ದಳು. ಗದಿಗೆಪ್ಪನ ಕಿಡ್ನಿ ಹೋದವೆಂದು ತಿಳಿದ ದಿನ ನಾನು ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬೇಡಿಕೊಂಡಿದ್ದೆ: ನನ್ನ ತಮ್ಮ ಎದ್ದು ತಿರುಗಾಡುವ ತನಕ ಸಿಹಿ ಮುಟ್ಟುವುದಿಲ್ಲ, ತಾಯಿ. ನನಗೆ ಅದಕ್ಕಿಂತ ದೊಡ್ಡದು ಬಿಡಲು ಏನೂ ಇರಲಿಲ್ಲ. ಬೇಡಿಕೊಂಡದ್ದನ್ನು ಯಾರಿಗೂ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ ಎನ್ನುವುದು ನಮ್ಮ ಮನೆಯ ನಡೆ. ಗಂಡನಿಗೂ ಹೇಳಿರಲಿಲ್ಲ, ಡಯಟ್ ಎಂದಿದ್ದೆ. ದಿನಾ ಹೆಂಗ ಉಣ್ತೀರೋ ಹಂಗ ಉಣ್ರಿ ಎಂದು ಸಮೀನಾ ಹೇಳಿದಾಗಲೂ ಹರಕೆ ನೆನಪಾಗಿತ್ತು. ಡಾಕ್ಟರಿಗೆ ಹೇಳಿದರೆ ತಮ್ಮ ಹೋಗುತ್ತಾನೆ, ಹೇಳದಿದ್ದರೆ ಯಂತ್ರ ತಾನೇ ಮೋಸ ಹೋಗುತ್ತದೆ, ಹೋಗಲಿ ಅಂದುಕೊಂಡಿದ್ದೆ.

"ಒಂದು ಪೇಢಾ ತಿಂದು ಬಿಡ್ರಿ ಅಕ್ಕಾರ, ನೋಡೇ ಬಿಡೂಣು" ಎಂದಳು ಸಮೀನಾ.

"ಸೇರೂದಿಲ್ಲ ಅಂದ್ನಲ್ಲವ್ವಾ. ನಿನ್ನ ಯಂತ್ರಕ್ಕ ಬೇಕಾದ್ರ ಅದಕ್ಕ ತಿನಸು" ಎಂದು ಸೆರಗು ಕೊಡವಿ ಎದ್ದುಬಿಟ್ಟೆ. ಅವಳು ಪೆಚ್ಚಾದಳು. ಪಾಪ, ಅವಳದೇನು ತಪ್ಪು. ಪಟ್ಟಿ ಮಾತ್ರ ಬೈಪಾಸಿನ ನಮೂನೆಯಲ್ಲೇ ಆಪರೇಷನ್ನಿನ ತನಕ ಇರಲಿ ಎಂದು ನಾಡಿಗೇರರು ಬಿಚ್ಚಿಸಲಿಲ್ಲ.

ಪಂಚಮಿಗೆ ತಮ್ಮನ ಮನೆಗೆ ಹೋದೆ. ಅಪ್ಪ ಅವ್ವ ಹೋದ ಮೇಲೆ ಆ ಎರಡು ಖೋಲಿಯ ಮನೆಯೇ ನನಗೆ ತವರು. ಕಸ್ತೂರಿ ಮಣ್ಣಿನ ನಾಗಪ್ಪನನ್ನು ಮಣೆಯ ಮೇಲಿಟ್ಟು ಅರಿಷಿಣ ಕುಂಕುಮ ಹಚ್ಚಿದ್ದಳು. ನಾನು ಕೊಬ್ಬರಿ ಬಟ್ಟಲಲ್ಲಿ ಹಾಲು ತೆಗೆದುಕೊಂಡು ಎರೆದೆ. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು. ಪ್ರತಿ ವರ್ಷ ಇದೇ ಸಾಲು, ಚಿಕ್ಕಂದಿನಿಂದ. ತಮ್ಮನ ಪಾಲು ಎನ್ನುವಾಗ ಹಾಲು ಮಣೆಯ ಹೊರಗೆ ಚೆಲ್ಲಿತು.

ಹೊಸ್ತಿಲ ಬಳಿ ಕುರ್ಚಿಯಲ್ಲಿ ಗದಿಗೆಪ್ಪ ಕಾಲು ಚಾಚಿ ಕೂತಿದ್ದ. ಕಸ್ತೂರಿ ತಾಟಿನ ತುಂಬ ಉಂಡಿ ತಂದಿಟ್ಟಳು: ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ. ಬೆಲ್ಲ ಮತ್ತು ತುಪ್ಪದ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು. ಅವನಿಗೆ ಅವು ನಿಷಿದ್ಧ, ಶೇಂಗಾ ಬೆಲ್ಲ ಎರಡೂ ಅವನಿಗೆ ವಿಷ. ನಾನು ತಾಟನ್ನು ಪಕ್ಕಕ್ಕೆ ಸರಿಸಿ, ತೊಂಬತ್ತೊಂದು ಅಂಕದ ಸುದ್ದಿ ಹೇಳಿದೆ, ಐದು ತಿಂಗಳ ಲೆಕ್ಕ ಹೇಳಿದೆ. ಮಾತಿನ ಭರದಲ್ಲಿ ಸಮೀನಾಳ ಮಾತನ್ನೂ ಹೇಳಿದೆ. "ಸಿಹಿ ನೋಡಿಲ್ಲಂತ ಯಂತ್ರ. ಹುಚ್ಚು ಹುಡಿಗಿ."

ಅವನು ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡ. "ಅಕ್ಕಾ, ಲೋಡ್ ಹಾಕದ ಮೋಟರ್ ಟೆಸ್ಟ್ ಮಾಡಿದ್ರ ಎಲ್ಲಾ ಮೋಟರೂ ಚಲೋನ ತಿರಗತಾವು. ಲೋಡ್ ಬಿದ್ದಾಗ ಸುಡತಾವು. ಹೋದ ಪಂಚಮಿಗೆ ನೀ ಉಂಡಿ ಮುಟ್ಟಲಿಲ್ಲ. ದೀಪಾವಳಿಗೆ ಕರ್ಚಿಕಾಯಿ ಮುಟ್ಟಲಿಲ್ಲ. ಅನ್ನ ಬಿಡಲಿಲ್ಲ, ರೊಟ್ಟಿ ಬಿಡಲಿಲ್ಲ, ಬರೇ ಸಿಹಿ ಬಿಟ್ಟಿ. ಯಾವ ದೇವ್ರಿಗೆ ಬೇಡ್ಕೊಂಡಿ?"

"ಸುಮ್ಮನ ಕುಂದರು" ಎಂದೆ.

"ಎಲ್ಲಮ್ಮಗ?"

 ನಾನು ಹೇಳಿರಲಿಲ್ಲ, ಅವನೇ ಹೇಳಿಬಿಟ್ಟಿದ್ದ. ಇದು ಬಾಯಿಬಿಟ್ಟ ಲೆಕ್ಕವೋ ಅಲ್ಲವೋ ಎಂದು ನನ್ನ ತಲೆ ಗಿರ್ರೆಂದಿತು. ಕಸ್ತೂರಿ ಬಾಗಿಲ ಬಳಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಗದಿಗೆಪ್ಪ ಬಗ್ಗಿ ತಾಟಿನಿಂದ ಒಂದು ಶೇಂಗಾ ಉಂಡಿ ಎತ್ತಿ ನನ್ನ ಮುಂದೆ ಹಿಡಿದ. ಕೈಯೆಲ್ಲ ಸೂಜಿಯ ಗಾಯ, ನರಗಳು ಹಗ್ಗದ ಹಾಗೆ ಉಬ್ಬಿದ್ದವು. "ತಿನ್ನು."

"ನಿನಗ ಹುಚ್ಚು ಹಿಡದೈತೇನೊ? ನಾ ಮಾತು ಮುರದ್ರ ನೀ ಸಾಯ್ತಿ."

"ನೀ ತಪ್ಪು ಆಪರೇಷನ್ ಮಾಡಿಸ್ಕೊಂಡು ಕಿಡ್ನಿ ಹಾಳು ಮಾಡ್ಕೊಂಡ್ರ ನಾ ಸಾಯೂದಿಲ್ಲೇನು? ಆಗ ನೀನೂ ಸಾಯ್ತಿ." ಉಂಡಿಯನ್ನು ಇನ್ನೂ ಹತ್ತಿರ ತಂದ. "ನನ್ನ ಸಲುವಾಗಿ ಬಿಟ್ಟದ್ದು ಹೌದಿಲ್ಲೊ? ನನ್ನ ಸಲುವಾಗಿನ ತಿನ್ನು."

ನಾನು ಅವನ ಕೈ ತಳ್ಳಿದೆ. ಉಂಡಿ ಕೆಳಗೆ ಬಿತ್ತು. ಅವನು ಮತ್ತೊಂದು ಎತ್ತಿದ. ಎತ್ತಲು ಬಗ್ಗಿದಾಗ ತೊಡೆಯ ನೋವಿಗೆ ಹಲ್ಲು ಕಚ್ಚಿದ. ಅವನು ಮೂರನೆಯ ಸಲ ಬಗ್ಗುವುದನ್ನು ನಾನು ನೋಡಲಾರೆನಾಗಿದ್ದೆ. ಅವನ ಕೈಯಿಂದಲೇ ಕಸಿದುಕೊಂಡು ಬಾಯಿಗೆ ಹಾಕಿಕೊಂಡೆ.

ಎರಡು ವರ್ಷದ ಮೇಲೆ ಬೆಲ್ಲ. ಎಷ್ಟು ರುಚಿ ಇತ್ತೆಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ಸಂತೋಷದಿಂದ ಜಗಿಯುತ್ತಿತ್ತು. ಹುರಿದ ಶೇಂಗಾ, ಏಲಕ್ಕಿ, ಪಾಕ ಹದವಾಗಿ ಬಂದಿತ್ತು. ಎಲ್ಲಮ್ಮ, ನನ್ನ ತಮ್ಮನನ್ನು ಬಿಡು, ನನ್ನ ನಾಲಿಗೆ ಕೀಳು ಎಂದುಕೊಳ್ಳುತ್ತಲೇ ಎರಡನೆಯದನ್ನೂ ತಿಂದೆ. ಲೋಡ್ ಹಾಕುವುದಾದರೆ ಪೂರ್ತಿ ಹಾಕಬೇಕು.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿವಿ ಬಿಸಿಯಾಯಿತು. ಎದೆ ಢವಢವ ಬಡಿದುಕೊಂಡಿತು, ಹೊಟ್ಟೆಯೊಳಗೆ ಯಾರೋ ಒಗೆದ ಸೀರೆ ಹಿಂಡ ಹತ್ತಿದರು. ಬೆವರು ಕುಪ್ಪಸ ದಾಟಿ ಸೀರೆಗೆ ಇಳಿಯಿತು. ಬಚ್ಚಲಿಗೆ ಹೋಗಲು ಎದ್ದವಳು ಅಲ್ಲಿಯ ತನಕ ಮುಟ್ಟಲಿಲ್ಲ. ಮೇಲೂ ಕೆಳಗೂ ತಡೆಯಿಲ್ಲದೆ ಹೋಯಿತು, ತವರುಮನೆಯ ನೆಲದ ಮೇಲೆ, ನಾಗಪ್ಪನ ಎದುರಿಗೆ. ಸೊಂಟದ ಪಟ್ಟಿ ಗುಂಯ್‌ಗುಡುತ್ತಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು. ಕಸ್ತೂರಿ ಎತ್ತಿದಳು. ಆ ಕಡೆ ಸಮೀನಾ. "ಏನ್ ತಿಂದ್ರು? ಈಗ ಪಟ್ಟಿ ಆರಸ್ತೀನಿ. ಮಗ್ಗಲಾಗಿ ಮಲಗಸ್ರಿ, ನಿದ್ದಿ ಹತ್ತಾಕ ಬಿಡಬ್ಯಾಡ್ರಿ, ಗಾಡಿ ಕಳಿಸೇನಿ." ಸುಳ್ಳು ಹೊಟ್ಟೆ ಆರಿತು, ಆದರೆ ರಕ್ತಕ್ಕೆ ಇಳಿದ ರಸ ಅಷ್ಟು ಬೇಗ ಆರಲಿಲ್ಲ. ಗದಿಗೆಪ್ಪ ನೆಲಕ್ಕೆ ಇಳಿದು ನನ್ನ ತಲೆಯನ್ನು ಸರಿಯಿದ್ದ ತೊಡೆಯ ಮೇಲಿಟ್ಟುಕೊಂಡು, "ಅಕ್ಕಾ, ಕಣ್ಣು ತಗಿ, ಅಕ್ಕಾ" ಎಂದು ಕೆನ್ನೆ ಬಡಿಯುತ್ತಿದ್ದ.

ಎರಡು ದಿನ ಸಲೈನು ಹಾಕಿಕೊಂಡು ಮಲಗಿದೆ. ನಾಡಿಗೇರರು ರಕ್ತದ ವರದಿ ಹಿಡಿದು ಬಂದು ಹಾಸಿಗೆಯ ಪಕ್ಕ ನಿಂತರು. ಬೈಪಾಸಿನ ಅಂಕ ತೊಂಬತ್ತೊಂದರಿಂದ ಹದಿನಾಲ್ಕಕ್ಕೆ ಇಳಿದಿತ್ತು. "ಸುಳ್ಳು ಹೊಟ್ಟಿಗೇ ನಿಮ್ಮ ಕಿಡ್ನಿ ಎರಡು ದಿನ ಒದ್ದಾಡ್ಯಾವ. ಖರೇನ ಮಾಡಿದ್ರ ತೂಕಾನೂ ಇಳೀತಿತ್ತು, ಕಿಡ್ನಿನೂ ಹೋಗತಿತ್ತು. ನಮಗ್ಯಾಕ ಸುಳ್ಳು ಹೇಳಿದ್ರಿ?"

ಹೇಳಿದೆ. ಮುರಿದ ಮೇಲೆ ಮುಚ್ಚಿಡುವುದೇನು. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ತಮ್ಮ ತಾಯಿಯೂ ಹೀಗೇ ಹರಕೆಗೆ ಉಪ್ಪು ಬಿಟ್ಟಿದ್ದರು ಎಂದಷ್ಟೇ ಹೇಳಿ ಕಿಟಕಿಯ ಕಡೆ ನೋಡಿದರು. ಸಮೀನಾ ಬಂದು ಪಟ್ಟಿ ಬಿಚ್ಚಿದಳು. ಅವಳ ಕೈ ಹಿಡಿದುಕೊಂಡೆ.

"ಹಂಗಾರ ಸ್ಲೀವ್. ಎಂಟು ತಿಂಗಳು ಹಿಡಿಬಹುದು" ಎಂದರು ನಾಡಿಗೇರರು.

"ಎಂಟು ತಿಂಗಳು ಅವನ ತೊಡಿ ತಡೀತೈತೇನ್ರಿ?"

"ಹೇಳಲಿಕ್ಕೆ ಬರೂದಿಲ್ಲ."

ಸೋಮವಾರ ನನ್ನ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ಎಸೆದರು.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೆಂದು ಯಾರೂ ಕೇಳಬೇಡಿ. ನೀರನ್ನೂ ಚಮಚದಲ್ಲಿ ಕುಡಿಯಬೇಕು, ಗುಟುಕು ದೊಡ್ಡದಾದರೆ ವಾಪಸು. ಡಯಾಲಿಸಿಸ್ ವಾರ್ಡಿನಲ್ಲಿ ಅಕ್ಕ ತಮ್ಮ ಎದುರುಬದುರು ಕೂತು ಒಂದೇ ಲೋಟ ನಡುವೆ ಇಟ್ಟುಕೊಳ್ಳುತ್ತಿದ್ದೆವು. ಅವನಿಗೆ ದಾಹವಿದ್ದರೂ ಕುಡಿಯುವಂತಿಲ್ಲ, ನಾನು ಕುಡಿಯಲೇಬೇಕು, ಇಳಿಯುವುದಿಲ್ಲ. "ನನ್ನ ಕಣ್ಣ ಮುಂದ ಸಾವಕಾಶ ಕುಡೀಬ್ಯಾಡ, ಹೊಟ್ಟಿ ಉರೀತೈತಿ" ಎನ್ನುತ್ತಿದ್ದ. ನನ್ನ ಕೂದಲು ಉದುರಿತು, ಕೆನ್ನೆ ಜೋತುಬಿತ್ತು. ಕುಪ್ಪಸ ಹೊಲಿಸಲು ಬಂದವರು ಈಗ "ಮಾನಂದಕ್ಕಾ, ಏನಾರ ಉಣ್ಣಬಾರದೇನ್ರಿ" ಅನ್ನತೊಡಗಿದರು. ಇವರ ಬಾಯಿಗೆ ಹೊಲಿಗೆ ಹಾಕುವ ಯಂತ್ರ ಯಾರಾದರೂ ಕಂಡುಹಿಡಿಯಬಾರದೆ.

ತೂಕ ಇಳಿಯಿತು. ಮೊದಲು ಧಡಧಡ ಇಳಿಯಿತು, ತೊಂಬತ್ತೆರಡರ ಹತ್ತಿರ ಬಂದು ಜಿದ್ದಿಗೆ ಬಿದ್ದಂತೆ ನಿಂತಿತು. ಆಗಲೇ ಅವನ ತೊಡೆಯ ನಳಿಗೆಯೂ ಕೀವಾಯಿತು. ಜ್ವರ ಏರಿ ಅವನನ್ನು ಐಸಿಯುಗೆ ಹಾಕಿದರು. ಕಸ್ತೂರಿ ಹೊರಗೆ ಬೆಂಚಿನ ಮೇಲೆ ಕೂತು ನನ್ನ ಮುಖ ನೋಡಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು: ಇವಳು ಉಂಡಿ ತಿಂದಳು. ನಾನು ಗುಡ್ಡಕ್ಕೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ. ಮನೆಯಲ್ಲಿ ಗೋಡೆಗೆ ಒರಗಿ ಕೂತು, ನಾನೇ ಕೊಂದೆ, ನನ್ನ ಕೈಯಾರೆ ಕೊಂದೆ ಎಂದು ಫಕೀರಪ್ಪನ ಮುಂದೆ ತಲೆ ಚಚ್ಚಿಕೊಂಡೆ. ಅವರು ಗೋಡೆಗೂ ನನ್ನ ತಲೆಗೂ ನಡುವೆ ಅಂಗೈ ಇಟ್ಟು ಕೂತರು.

ಕೀವು ಹಿಡಿತಕ್ಕೆ ಬಂತು. ಆದರೆ ಆ ನಳಿಗೆ ಹೆಚ್ಚು ದಿನ ನಡೆಯುವುದಿಲ್ಲ, ಕಸಿ ಮಾಡುವುದಾದರೆ ಈ ವಾರವೇ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ನನ್ನನ್ನು ಮತ್ತೆ ತೂಕಕ್ಕೆ ಕರೆದರು. ಅದೇ ಯಂತ್ರ. ಮೇಲೆ ಹತ್ತಿದೆ. ತೊಂಬತ್ತು ಕಿಲೋ ಇನ್ನೂರು ಗ್ರಾಂ.

ಇಳಿದೆ. ಕೈಯ ಹಸಿರು ಬಳೆಗಳನ್ನು ಒಂದೊಂದೇ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಕಾಲುಂಗುರ ತೆಗೆದೆ. ತಾಳಿ ತೆಗೆಯುವಾಗ ನರ್ಸು, "ಅಮ್ಮಾ, ಅದನ್ನ ಯಾಕ್ರಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ ಒಳಗೆ ಬಂದು ಅಂಗೈ ಚಾಚಿದರು. ಅವರ ಅಂಗೈಯಲ್ಲಿ ಇಟ್ಟೆ. ಜಡೆಯ ಕಡೆ ಕೈ ಹೋಯಿತು, ನರ್ಸಿನ ತಾಟಿನಲ್ಲಿ ಕತ್ತರಿ ಕಾಣಿಸಿತು. ಉದುರಿ ಉಳಿದದ್ದು ಇಲಿಬಾಲದಷ್ಟು ಜಡೆ. ಹೊಲಿಗೆಯವಳಿಗೆ ಕತ್ತರಿ ಹಿಡಿಯುವುದು ಕಲಿಸಬೇಕೇ. ಬುಡಕ್ಕೇ ಹಾಕಿದೆ.

ಮತ್ತೆ ಹತ್ತಿದೆ. ಕೆಂಪು ಅಂಕಿಗಳು ಅತ್ತಿತ್ತ ಓಲಾಡಿ ಎಂಬತ್ತೊಂಬತ್ತು ಕಿಲೋ ಒಂಬೈನೂರೈವತ್ತರಲ್ಲಿ ನಿಂತವು. ಕಸಿಯ ದೊಡ್ಡ ಡಾಕ್ಟರು ನನ್ನ ಬೋಳು ಕೈಯನ್ನೂ ಕತ್ತರಿಸಿದ ಕೂದಲನ್ನೂ ನೋಡಿದರು. "ನೂರಿನ್ನೂರು ಗ್ರಾಂಗೆ ನಾವೇನು ಬೇಡ ಅಂತಿರಲಿಲ್ಲಮ್ಮ" ಎಂದರು ಮೆಲ್ಲಗೆ.

"ಮೊದಲ ಹೇಳಬಾರದೇನ್ರಿ" ಎಂದೆ. ನಗುವೂ ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ.

ಆಪರೇಷನ್ ಖೋಲಿಯ ಹೊರಗೆ ನಮ್ಮಿಬ್ಬರನ್ನು ಮಲಗಿಸಿದ ಗಾಡಿಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದರು. ಗದಿಗೆಪ್ಪನಿಗೆ ಮಾತಾಡುವ ತ್ರಾಣವಿರಲಿಲ್ಲ. ನನ್ನ ತಲೆ ನೋಡಿ ಹುಬ್ಬೇರಿಸಿದ. "ಚಂದ ಕಾಣಾಕತ್ತೀನೇನು?" ಎಂದೆ. ತುಟಿ ಅಲುಗಿಸಿದ, ನಕ್ಕನೆಂದೇ ತಿಳಿದೆ. ಕೈ ಚಾಚಿದೆ, ಅವನ ಬೆರಳ ತುದಿ ಸಿಕ್ಕಿತು. ಅಷ್ಟರಲ್ಲಿ ನನ್ನ ಗಾಡಿಯನ್ನು ಮೊದಲು ಒಳಗೆ ಒಯ್ದರು.

ಮೇಲೆ ದೊಡ್ಡ ದೀಪ. ಮೂಗಿಗೆ ಮುಖವಾಡ ಇಡುವ ಡಾಕ್ಟರು, "ಅಮ್ಮ, ಒಂದರಿಂದ ಎಣಿಸಿ" ಎಂದರು. ನನಗೆ ಆ ಹೊತ್ತಿಗೆ ಬಾಯಿಗೆ ಬಂದ ಎಣಿಕೆ ಒಂದೇ, ಪಂಚಮಿಯ ಹಾಲಿನದು. ಪ್ರತಿ ವರ್ಷ ಅದನ್ನು ದೇವರ ಪಾಲಿನಿಂದ ಶುರುಮಾಡುತ್ತಿದ್ದೆ.

"ತಮ್ಮನ ಪಾಲು" ಎಂದೆ.

ಮಂಪರು ಕವಿಯಿತು, ದೇವರ ಪಾಲಿನ ತನಕ ಎಣಿಕೆ ಹೋಗಲಿಲ್ಲ.